ಪ್ರವಾಸದ ಪಾಯಿಂಟು ಕೊಡುವ ಕ್ರೆಡಿಟ್ ಕಾರ್ಡು ಸಂಸಾರಸ್ಥನಿಗೆ ಹಿತವೆ?

ಪರ

ಹೇಗಿದ್ದರೂ ಮಾಡಲೇಬೇಕಾದ ವೆಚ್ಚವನ್ನು, ಅದರಲ್ಲಿ ಕಿಂಚಿತ್ತಾದರೂ ತನಗೆ ಮರಳಿ ಬರುವಂತಹ ಮಾರ್ಗದಲ್ಲಿ ಮಾಡುವುದು ಗೃಹಸ್ಥನಿಗೆ ವಿವೇಕವೇ ಹೊರತು ಲೋಭವಲ್ಲ. ದಿನಸಿ, ಹಬ್ಬದ ಜವಳಿ, ಆಸ್ಪತ್ರೆಯ ಬಿಲ್ಲು, ಊರಿಗೆ ಹೋಗಿಬರುವ ಟಿಕೆಟ್ಟು ಇವೆಲ್ಲ ಕಾರ್ಡು ಇದ್ದರೂ ಇಲ್ಲದಿದ್ದರೂ ನಡೆಯತಕ್ಕವೇ. ಕಾರ್ಡಿನ ವ್ಯಾಪಾರಕ್ಕಾಗಿ ಅಂಗಡಿಯವನು ಬ್ಯಾಂಕಿಗೆ ತೆರುವ, ಸುಮಾರು ಶೇಕಡಾ 2ರಷ್ಟಾಗುವ ಕಮಿಷನ್ ಸರಕಿನ ಬೆಲೆಯೊಳಗೇ ಸೇರಿಕೊಂಡಿರುವುದರಿಂದ ನಗದು ಕೊಟ್ಟವನೂ ಅದನ್ನು ಅರಿಯದೆಯೇ ತೆರುತ್ತಿದ್ದಾನೆ. ಹಾಗಿರುವಲ್ಲಿ ಅದರದೊಂದು ಪಾಲು ಪಾಯಿಂಟಿನ ರೂಪದಲ್ಲಿ ತನ್ನ ಮನೆಗೇ ಬರುವುದನ್ನು ಬೇಡವೆನ್ನಲು ಯಾವ ಕಾರಣವೂ ತೋರದು.

ಹಾರಿದಷ್ಟು ಮೈಲುಗಳನ್ನು ಲೆಕ್ಕವಿಟ್ಟು ಪುನಃ ಟಿಕೆಟ್ಟಿನ ರೂಪದಲ್ಲಿ ಕೊಡುವ ಪದ್ಧತಿಯನ್ನು ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಇಂದು ನಮ್ಮ ಹಲವು ಬ್ಯಾಂಕುಗಳ ಪಾಯಿಂಟುಗಳೂ ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ನಂತಹ ಖಾತೆಗಳಿಗೆ ವರ್ಗವಾಗುತ್ತವೆ. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಸಿಂಗಪುರದ ಮಾರ್ಗವಾಗಿ ಮೆಲ್ಬರ್ನಿಗೆ ಹೊರಟ ಮಂಡಿನೋವಿನ ತಾಯಿಗೆ, ಕೈಯಿಂದ ಹಣ ತೆತ್ತು ಎಂದೂ ಕೊಳ್ಳಲಾಗದಿದ್ದ ಬಿಸಿನೆಸ್ ದರ್ಜೆಯ ಆಸನವೊಂದು, ವರ್ಷಗಳ ಮನೆಖರ್ಚಿನಿಂದ ಒದಗಿ ಬಂದು, ಆಕೆ ಕಾಲು ಚಾಚಿ ಮಲಗಿ ಹೋಗುವಂತಾದರೆ ಅದು ಅಲ್ಪವಾದ ಉಪಕಾರವೇ?

ಆಯ್ಕೆಯಲ್ಲಿ ಮಾತ್ರ ಎಚ್ಚರವಿರಬೇಕು. ತಾನು ವಾಸ್ತವವಾಗಿ ಹಾರುವ ವಿಮಾನ ಸಂಸ್ಥೆ ಯಾವುದೆಂದು ಮೊದಲು ನಿಶ್ಚಯಿಸಿ, ಅದಕ್ಕೆ ಪಾಯಿಂಟು ವರ್ಗವಾಗುವ ಕಾರ್ಡನ್ನು ಆಮೇಲೆ ಹುಡುಕಿ, ಅದರ ವಾರ್ಷಿಕ ಶುಲ್ಕಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರಿಸಿ, ತನ್ನ ಸಹಜ ಖರ್ಚಿನಿಂದ ದೊರೆಯುವ ಪ್ರತಿಫಲ ಆ ಮೊತ್ತವನ್ನು ಮೀರುವುದಾದರೆ ಮಾತ್ರ ಅರ್ಜಿ ಹಾಕತಕ್ಕದ್ದು. ಬಿಲ್ಲಿನ ಪೂರ್ಣ ಮೊತ್ತ ಉಳಿತಾಯ ಖಾತೆಯಿಂದ ತಾನಾಗಿ ಸಂದಾಯವಾಗುವಂತೆ ಬ್ಯಾಂಕಿಗೆ ಆದೇಶ ಕೊಟ್ಟುಬಿಟ್ಟರೆ ಬಡ್ಡಿಯ ಭಯವೂ ಇಲ್ಲ. ಇನ್ನೊಂದು ಪ್ರಯೋಜನವೂ ಉಂಟು: 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆಯ ವಿಮಾನಗಳು ಹಠಾತ್ತನೆ ನಿಂತುಹೋದಾಗ, ಕಾರ್ಡಿನಲ್ಲಿ ಹಣ ಕೊಟ್ಟಿದ್ದವರಿಗೆ ತಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಎಂದರೆ ತೆತ್ತ ಹಣದ ಮರುಪಾವತಿ, ಕೇಳುವ ದಾರಿಯೊಂದಾದರೂ ತೆರೆದಿತ್ತು.

ವಿರೋಧ

ಆ ತಾಯಿಯ ಆಸನದ ಮಾತನ್ನೇ ಮೊದಲು ವಿಚಾರ ಮಾಡೋಣ. ಆ್ಯಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ 5 ಪಾಯಿಂಟಿಗೆ 4 ಮೈಲು ದೊರೆಯುತ್ತಿದ್ದುದು, 2023ರ ಸೆಪ್ಟೆಂಬರಿನಿಂದ ಸಾಮಾನ್ಯ ಗ್ರಾಹಕರ ಪಾಲಿಗೆ 5ಕ್ಕೆ 2 ಆಯಿತು. ವಾರ್ಷಿಕ ಶುಲ್ಕ 10,000 ರೂಪಾಯಿಯಿಂದ 12,500ಕ್ಕೆ ಏರಿತು. ಲಕ್ಷ ಪಾಯಿಂಟು ಕೂಡಿಸಿಟ್ಟುಕೊಂಡು, ಮೆಲ್ಬರ್ನಿನಿಂದ ಶುಭವಾರ್ತೆ ಬರಲೆಂದು ಕಾದಿದ್ದ ಸಂಸಾರದ 80,000 ಮೈಲು ಹೀಗೆ 40,000ಕ್ಕೆ ಇಳಿಯುವುದಾದರೆ, ಅದನ್ನು ಉಳಿತಾಯವೆಂದು ಕರೆಯುವುದು ಹೇಗೆ? ಉಳಿತಾಯ ಖಾತೆಯ ಹಣವನ್ನು ಬ್ಯಾಂಕು ತನ್ನ ಇಚ್ಛೆಯಂತೆ ಅರ್ಧ ಮಾಡಲಾರದು. ಪಾಯಿಂಟನ್ನು ಮಾಡಬಲ್ಲದು, ಏಕೆಂದರೆ ಅದರ ಬೆಲೆ ಕಟ್ಟುವ ಅಧಿಕಾರ ಮೊದಲಿನಿಂದಲೂ ಅದರ ಕೈಯಲ್ಲೇ ಇದೆ. 2024ರ ನವೆಂಬರ್ 12ರಂದು ವಿಸ್ತಾರ ಸಂಸ್ಥೆಯೇ ಏರ್ ಇಂಡಿಯಾದಲ್ಲಿ ಲೀನವಾಗಿ ಹೋಯಿತು; ಅದರ ಹೆಸರಿನ ಕಾರ್ಡುಗಳನ್ನು ನೆಚ್ಚಿ ವರ್ಷದ ಖರ್ಚನ್ನು ಹೊಂದಿಸಿಕೊಂಡಿದ್ದವರ ಲೆಕ್ಕಾಚಾರವೂ ಅದರೊಡನೆ ಹೋಯಿತು.

ಸಹಜ ಖರ್ಚನ್ನಷ್ಟೇ ಕಾರ್ಡಿಗೆ ಹಾಕುತ್ತೇನೆಂಬ ಸಂಕಲ್ಪ ಒಳ್ಳೆಯದೇ. ಆದರೆ ವರ್ಷಕ್ಕೆ ಇಂತಿಷ್ಟು ಲಕ್ಷ ಮುಟ್ಟಿದರೆ ಅಧಿಕ ಮೈಲು, ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚಾದರೆ ವಿಮಾನ ನಿಲ್ದಾಣದ ಲಾಂಜಿಗೆ ಪ್ರವೇಶ, ಎಂಬ ನಿಯಮಗಳು ಆ ಸಂಕಲ್ಪವನ್ನು ಸಡಿಲಿಸುವುದಕ್ಕಾಗಿಯೇ ರಚಿತವಾದವು. ಮಾರ್ಚ್ ಕೊನೆಗೆ ಮೂವತ್ತು ಸಾವಿರ ಕಡಿಮೆ ಬಿದ್ದವನು, ಮನೆಯ ಫ್ರಿಜ್ಜು ಚೆನ್ನಾಗಿಯೇ ಇರುವಾಗ ಹೊಸದೊಂದನ್ನು ತರುತ್ತಾನೆ.

ಒಂದೇ ಒಂದು ತಿಂಗಳು ಕೈ ಬಿಗಿಯಾಯಿತೆನ್ನಿ. ಲಕ್ಷ ರೂಪಾಯಿಯ ಬಿಲ್ಲಿಗೆ ಶೇಕಡಾ 5ರ ಕನಿಷ್ಠ ಬಾಕಿಯಾದ 5,000 ಮಾತ್ರ ಕಟ್ಟಿ ಉಳಿದ 95,000ವನ್ನು ಮುಂದಕ್ಕೆ ತಳ್ಳಿದರೆ, ತಿಂಗಳಿಗೆ ಶೇಕಡಾ 3.75ರ ಬಡ್ಡಿ 3,562 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 641, ಒಟ್ಟು 4,200 ಮೀರಿತು. ಬಡ್ಡಿಯಿಲ್ಲದ ಅವಧಿ ತಪ್ಪಿಹೋಗುವುದರಿಂದ ಹೊಸದಾಗಿ ಕೊಂಡ ಹಾಲು ಮೊಸರಿಗೂ ಕೊಂಡ ದಿನದಿಂದಲೇ ಬಡ್ಡಿ. ಆ ಲಕ್ಷಕ್ಕೆ ಬಂದ ಪಾಯಿಂಟಿನ ಬೆಲೆ ಶೇಕಡಾ 2ರಂತೆ ಹಿಡಿದರೂ 2,000. ವಿದೇಶದಲ್ಲಿ ಉಜ್ಜಿದರಂತೂ ಅನೇಕ ಕಾರ್ಡುಗಳು ಶೇಕಡಾ 3.5ರ ಹೆಚ್ಚುವರಿ ಶುಲ್ಕವನ್ನೂ ಅದಕ್ಕೆ ಜಿಎಸ್‌ಟಿಯನ್ನೂ ಹಾಕುವುದರಿಂದ ಲಕ್ಷಕ್ಕೆ 4,130 ಹೋಗುತ್ತದೆ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವುದು ಇದು: ಪೂರ್ಣ ಬಿಲ್ಲು ಕಟ್ಟುವವನ ಪ್ರಯಾಣದ ವೆಚ್ಚದಲ್ಲಿ, ಕಟ್ಟಲಾಗದೆ ಕನಿಷ್ಠ ಬಾಕಿಯಲ್ಲಿ ತೊಳಲುವವನ ಬಡ್ಡಿಯೂ ಸೇರಿದೆ. ಆ ಬಡ್ಡಿ ವರ್ಷಕ್ಕೆ ಶೇಕಡಾ 30ನ್ನು ಮೀರಕೂಡದೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿದ ಮೇಲೆ, ಅಂತಹವನಿಗೆ ಆ ಆಸರೆಯೂ ಉಳಿಯಲಿಲ್ಲ. ಮತ್ತೊಬ್ಬನ ಸಂಕಟದಲ್ಲಿ ನನ್ನ ಸುಖದ ಪಾಲು ಇದೆಯೆಂದು ತಿಳಿದ ಮೇಲೂ ಲಾಂಜಿನ ಕಾಫಿಯನ್ನು ನಿಶ್ಚಿಂತೆಯಿಂದ ಕುಡಿಯುವುದು ನನ್ನಿಂದಾಗದು.

ಈಗಾಗಲೇ ಕಾರ್ಡು ಹಿಡಿದಿದ್ದು ಬೇಡವೆನಿಸಿದವರು, ಕೂಡಿದ ಪಾಯಿಂಟುಗಳನ್ನು ಮೊದಲು ವರ್ಗಾಯಿಸಿ, ಬಾಕಿಯನ್ನು ಪೂರ್ತಿ ತೀರಿಸಿ, ಮುಂದಿನ ವಾರ್ಷಿಕ ಶುಲ್ಕ ಬೀಳುವ ಮುನ್ನ ಮುಕ್ತಾಯಕ್ಕೆ ಲಿಖಿತವಾಗಿ ಕೇಳತಕ್ಕದ್ದು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಬಾಕಿಯಿಲ್ಲದ ಖಾತೆಯನ್ನು ಬ್ಯಾಂಕು 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದ ಪ್ರತಿಯೊಂದು ದಿನಕ್ಕೂ 500 ರೂಪಾಯಿ ದಂಡವನ್ನು ಗ್ರಾಹಕನಿಗೆ ತೆರಬೇಕು.