ಸೆರೆಯಾಳಿನ ತಲೆಗೆ ಬಿದ್ದ ಪೆಟ್ಟು

ಒಬ್ಬ ಮನುಷ್ಯನನ್ನು ಬೀಗದೊಳಗಿಟ್ಟ ಗಳಿಗೆಯಿಂದ ಆತನ ದೇಹದ ಹೊಣೆಯೂ ಸರಕಾರದ್ದೇ ಎಂಬುದನ್ನು ಬಾಯಿಮಾತಿನಲ್ಲಿ ಯಾರೂ ಅಲ್ಲಗಳೆಯರು. ಆಚರಣೆಯ ಸಂಗತಿ ಬೇರೆ. ಹೊಳೆನರಸೀಪುರದ ಜಾತ್ರೆಯಲ್ಲಿ ಹೊಡೆದಾಡಿಯೋ, ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಬೈಕಿನಿಂದ ಉರುಳಿಯೋ, ಅರಕಲಗೂಡಿನ ಬದುವಿನ ಜಗಳದಲ್ಲಿ ದೊಣ್ಣೆಯೇಟು ತಿಂದೋ ಒಬ್ಬನು ಠಾಣೆಗೆ ಬಂದನೆನ್ನೋಣ. ಬಾಯಲ್ಲಿ ಹೆಂಡದ ವಾಸನೆಯಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯಿತು: ಕುಡಿದಿದ್ದಾನೆ, ಮಲಗಲಿ, ಬೆಳಗಾದರೆ ಸರಿಹೋಗುತ್ತಾನೆ! ಈ 'ಮಲಗಲಿ' ಎಂಬ ಮಾತಿನಲ್ಲಿಯೇ ಅಪಾಯವಡಗಿದೆ.

ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಒಸರತೊಡಗಿದಾಗ, ಎಚ್ಚರ ತಪ್ಪಿದ್ದವನು ಎದ್ದು ಕುಳಿತು ನೀರು ಕೇಳಿ, ಸರಿಯಾಗಿಯೇ ಮಾತನಾಡಿ, ಕೆಲವು ಗಂಟೆಗಳ ತರುವಾಯ ಮತ್ತೆ ಎಚ್ಚರಗೆಡುವುದುಂಟು. ಮುದುಕರಲ್ಲಿಯೂ ಬಹುಕಾಲದ ಕುಡುಕರಲ್ಲಿಯೂ ಇನ್ನೊಂದು ಬಗೆಯ ರಕ್ತಸ್ರಾವವು ವಾರಗಳ ಮೇಲೆ ತಲೆದೋರಬಹುದು. ಎಚ್ಚರವನ್ನು ಅಳೆಯಲು ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಒಂದು ಮಾಪನವನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತಿನ ಉತ್ತರ, ಕೈಕಾಲುಗಳ ಚಲನೆ, ಈ ಮೂರಕ್ಕೆ ಅಂಕ. ಪೂರ್ಣ ಎಚ್ಚರಕ್ಕೆ 15, ಕನಿಷ್ಠ 3. 8 ಅಥವಾ ಅದಕ್ಕೂ ಕೆಳಗಿಳಿದರೆ ಪೆಟ್ಟು ತೀವ್ರವೆಂದರ್ಥ. ಒಮ್ಮೆ ಎಣಿಸಿ ಬಿಡುವ ಅಂಕವಲ್ಲ ಅದು. ಆಂಗ್ಲ ದೇಶದ ವೈದ್ಯಸೂತ್ರವು ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 4 ಗಂಟೆ ಗಂಟೆಗೊಮ್ಮೆ ನೋಡಬೇಕೆನ್ನುತ್ತದೆ. ಸಂಜೆ ಬೀಗ ಹಾಕಿ ಬೆಳಿಗ್ಗೆ ತೆಗೆಯುವ ಕೊಠಡಿಯಲ್ಲಿ ಇದನ್ನು ನೋಡುವವರಾರು?

ಕಾನೂನಿನ ಕೊರತೆಯಿದೆಯೆಂದು ಯಾರೂ ನೆವ ಹೇಳಕೂಡದು. ಪರಕೀಯ ಸರಕಾರದ 1894ರ ಸೆರೆಮನೆ ಕಾನೂನಿನ 24ನೆಯ ಕಲಮೇ ಒಳಬಂದ ಕೈದಿಯ ಗಾಯಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದಿತ್ತು. 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಧಿತನನ್ನು 48 ಗಂಟೆಗಳಿಗೊಮ್ಮೆ ವೈದ್ಯರು ಪರೀಕ್ಷಿಸಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 53ನೆಯ ಕಲಮಿನಂತೆ ಗಾಯವನ್ನೂ ಅದು ಆಗಿರಬಹುದಾದ ವೇಳೆಯನ್ನೂ ಬರೆದು, ಪ್ರತಿಯನ್ನು ಬಂಧಿತನಿಗೇ ಕೊಡಬೇಕು. ಆ ಪ್ರತಿಯನ್ನು ಕೇಳಿ ಪಡೆಯುವಷ್ಟು ಧೈರ್ಯವನ್ನು ನಮ್ಮ ವಕೀಲ ಬಂಧುಗಳು ತೋರಲಿ. ಆದರೆ ತಲೆಗೆ ಪೆಟ್ಟು ಬಿದ್ದವನಿಗೆ 48 ಗಂಟೆಯೆಂಬುದು ಬಹು ದೀರ್ಘಾವಧಿ.

ನಾಡುನುಡಿಯ ಅಭಿಮಾನಿಗಳು ಇನ್ನೊಂದು ಸಂಗತಿಯನ್ನು ಮನಗಾಣಬೇಕು. ಮೇಲಿನ ಮಾಪನದಲ್ಲಿ 5 ಅಂಕಗಳು ಮಾತಿಗೆ ಸೇರಿದವು. ಇದು ಯಾವ ಊರು, ಇದು ಯಾವ ತಿಂಗಳು ಎಂಬ ಪ್ರಶ್ನೆಯನ್ನು ಕೈದಿಗೆ ತಿಳಿಯದ ನುಡಿಯಲ್ಲಿ ಕೇಳಿದರೆ, ಆತನ ಮೌನವು ಮಿದುಳಿನ ದೋಷವೋ ಭಾಷೆಯ ದೋಷವೋ ಹೇಳಲಾಗದು. 1956ರ ನವೆಂಬರ್ 1ರಂದು ನಾಡು ಒಂದಾದರೂ ಕಾಸರಗೋಡು ಹೊರಗುಳಿಯಿತು. ಅಲ್ಲಿನ ಕನ್ನಡಿಗ ಕೈದಿಯ ಎಚ್ಚರವನ್ನು ಕನ್ನಡದಲ್ಲಿಯೇ ಅಳೆಯಬೇಕೆಂಬುದು ನಮ್ಮ ಹಕ್ಕೊತ್ತಾಯ. ಹಾಗೆಂದ ಮೇಲೆ, ನಮ್ಮ ಜಿಲ್ಲೆಯ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದ ಕೂಲಿಕಾರನನ್ನು ಆತನ ನುಡಿಬಲ್ಲವರಿಂದ ಕೇಳಿಸುವುದು ನಮ್ಮ ಋಣ.

ಹಾಸನದ ವೈದ್ಯವಿಜ್ಞಾನ ಸಂಸ್ಥೆಯು ಈ ಮೂರೂ ತಾಲ್ಲೂಕು ಪೇಟೆಗಳಿಂದ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರು, ಒಂದು ಗಂಟೆಯ ದಾರಿ. ಪದೇಪದೇ ವಾಂತಿ, ಸೆಳವು, ಹೆಚ್ಚುತ್ತಿರುವ ತಲೆನೋವು, ಒಂದಕ್ಕೊಂದು ಹೊಂದದ ಕಣ್ಣಪಾಪೆ, ಕಿವಿ ಮೂಗುಗಳಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ಮೇಲಧಿಕಾರಿಯ ಅಪ್ಪಣೆಗೆ ಕಾಯದೆ ಗಾಡಿ ಹೊರಡಬೇಕು. ಈ ಲಕ್ಷಣಗಳನ್ನು ತಿಳಿಗನ್ನಡದಲ್ಲಿ ದಪ್ಪಕ್ಷರಗಳಿಂದ ಅಚ್ಚುಮಾಡಿಸಿ ಪ್ರತಿ ಠಾಣೆಯ, ಪ್ರತಿ ಸೆರೆಮನೆಯ ಕಾವಲುಕೋಣೆಯ ಗೋಡೆಗೆ ಅಂಟಿಸಲು ಬೊಕ್ಕಸವೇನೂ ಬರಿದಾಗದು. ರಾತ್ರಿಯ ಪಾಳಿಯ ಪೇದೆಗೆ ಒಂದು ಗಡಿಯಾರ, ಒಂದು ಬ್ಯಾಟರಿ ದೀಪ, ಅಂಕ ಬರೆಯಲು ಒಂದು ಹಾಳೆ. ಮತ್ತು ಮಲಗಿದವನನ್ನು ತಟ್ಟಿ ಎಬ್ಬಿಸಿ ಹೆಸರು ಕೇಳಬೇಕೆಂಬ ಲಿಖಿತ ಆಜ್ಞೆ. ಜಿಲ್ಲಾಧಿಕಾರಿಗಳು ಇದನ್ನು ಈ ತಿಂಗಳಲ್ಲಿಯೇ ಹೊರಡಿಸಬಹುದು.