ಪಾಸ್ ಇದೆ, ಬಸ್ಸಲ್ಲಿ ಜಾಗ ಇಲ್ಲ: ಊರಿನ ಮಕ್ಕಳ ಶಾಲಾ ಪ್ರಯಾಣ ಸಿಕ್ಕಿಕೊಂಡಿರುವುದೆಲ್ಲಿ?

ಊರಲ್ಲಿ ಬೆಳಿಗ್ಗೆ ಎಂಟು ಗಂಟೆ ಅಂದರೆ ದುಬೈಯಲ್ಲಿ ಆರೂವರೆ, ರಿಯಾದ್, ದೋಹಾ, ಕುವೈತ್‌ಗಳಲ್ಲಿ ಐದೂವರೆ. ಕಂಪನಿ ಬಸ್ ಹತ್ತುವ ಮೊದಲು ಮನೆಗೊಂದು ಫೋನ್ ಮಾಡುವುದು ಬಹಳ ಜನರ ರೂಢಿ. ಜೂನ್ ತಿಂಗಳು ಬಂತೆಂದರೆ ಆ ಫೋನಿನಲ್ಲಿ ಕೇಳುವ ಮೊದಲ ಮಾತು ಒಂದೇ: "ಮಕ್ಕಳಿಗೆ ಬಸ್ ಸಿಕ್ತಾ?"

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಮಗಳು ಪಿಯುಸಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾ, ಊರಲ್ಲೇ ಓದು ನಿಲ್ಲಿಸಬೇಕಾ ಅನ್ನುವುದು ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆಯ ಮೇಲೆ ನಿಂತಿದೆ. ಗಲ್ಫ್‌ನಿಂದ ಕುಟುಂಬವನ್ನು ಊರಿಗೆ ವಾಪಸ್ ಕಳಿಸುವವರು ಮನೆ ಎಲ್ಲಿ ಮಾಡಬೇಕು, ಯಾವ ಶಾಲೆಗೆ ಸೇರಿಸಬೇಕು ಎಂದು ಯೋಚಿಸುವಾಗಲೂ ಬಸ್ಸಿನ ವಿಷಯ ಮೊದಲು ಬರುತ್ತದೆ.

ಕರ್ನಾಟಕ ಸರ್ಕಾರ ಮಕ್ಕಳ ಪ್ರಯಾಣಕ್ಕೆ ದುಡ್ಡು ಕೊಡುತ್ತಿಲ್ಲ ಎನ್ನುವಂತಿಲ್ಲ. ಕೊಡುತ್ತಿದೆ, ಹಿಂದಿಗಿಂತ ಹೆಚ್ಚೇ ಕೊಡುತ್ತಿದೆ. ಆದರೂ ಬೆಳಿಗ್ಗೆ ಫುಟ್‌ಬೋರ್ಡ್ ಮೇಲೆ ಜೋತಾಡುವ ಮಕ್ಕಳು ಕಡಿಮೆಯಾಗಿಲ್ಲ. ಬಸ್ ನಿಲ್ಲಿಸಲಿಲ್ಲ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂರುವ ಸುದ್ದಿ ಪ್ರತಿ ವರ್ಷ ಒಂದಲ್ಲ ಒಂದು ಜಿಲ್ಲೆಯಿಂದ ಬರುತ್ತಲೇ ಇದೆ. ದುಡ್ಡು ಖರ್ಚಾದರೂ ಜಾಗ ಯಾಕೆ ಸಿಗುತ್ತಿಲ್ಲ?

ಟಿಕೆಟ್ ಫ್ರೀ, ಸೀಟು ಎಲ್ಲಿ?

2023ರ ಜೂನ್ 11ರಂದು 'ಶಕ್ತಿ' ಯೋಜನೆ ಶುರುವಾಯಿತು. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ ಮತ್ತು ಕಲ್ಯಾಣ ಕರ್ನಾಟಕ, ಹೀಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣಗಳು ಆಗಿದ್ದವು. ನಾಲ್ಕೂ ನಿಗಮಗಳ ಬಸ್ಸುಗಳಲ್ಲಿ ದಿನಕ್ಕೆ ಓಡಾಡುವವರ ಸಂಖ್ಯೆ ಒಂದು ಕೋಟಿ ದಾಟಿತು.

ಇದರಿಂದ ಒಳ್ಳೆಯದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬಸ್ ಚಾರ್ಜ್ ಇಲ್ಲ ಎಂಬ ಒಂದೇ ಕಾರಣಕ್ಕೆ ದೂರದ ಕಾಲೇಜು ಹೆಣ್ಣುಮಕ್ಕಳ ಕೈಗೆಟುಕಿದೆ. ಅಮ್ಮಂದಿರೂ ಕೆಲಸಕ್ಕೆ, ಆಸ್ಪತ್ರೆಗೆ, ಸಂತೆಗೆ ಯಾರ ಹತ್ತಿರವೂ ಕೈಚಾಚದೆ ಹೋಗಿಬರುತ್ತಾರೆ. ಆದರೆ ಇವರೆಲ್ಲ ಹತ್ತುವುದು ಅದೇ ಎಂಟು ಗಂಟೆ ಬಸ್ಸನ್ನೇ. ಶಾಲೆ, ಕಾಲೇಜು, ಆಫೀಸು, ಗಾರ್ಮೆಂಟ್ಸ್ ಎಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತವೆ. ಐವತ್ತು ಸೀಟಿನ ಬಸ್ಸು ಮೊದಲ ಎರಡು ಸ್ಟಾಪಿನಲ್ಲೇ ತುಂಬಿಬಿಟ್ಟರೆ ಮೂರನೇ ಸ್ಟಾಪಿನ ಮಕ್ಕಳು ಕೈ ತೋರಿಸಿಕೊಂಡು ನಿಲ್ಲಬೇಕು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಶಕ್ತಿ ಯೋಜನೆಯಲ್ಲಿ ಕಂಡಕ್ಟರ್ ಕೊಡುವ 'ಶೂನ್ಯ ಟಿಕೆಟ್' ಎಣಿಸಿ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ನೂರು ಜನ ಒಂದೇ ಬಸ್ಸಿನಲ್ಲಿ ಒತ್ತಿಕೊಂಡು ಹೋದರೂ ನೂರು ಟಿಕೆಟ್, ಎರಡು ಬಸ್ಸಿನಲ್ಲಿ ಕೂತು ಹೋದರೂ ನೂರೇ ಟಿಕೆಟ್. ಆದರೆ ಎರಡನೇ ಬಸ್ಸಿಗೆ ಡೀಸೆಲ್ ಬೇಕು, ಡ್ರೈವರ್ ಬೇಕು, ಕಂಡಕ್ಟರ್ ಬೇಕು. ಆ ಖರ್ಚಿಗೆ ಟಿಕೆಟ್ ಲೆಕ್ಕದಲ್ಲಿ ಬೇರೆ ಕಾಲಮ್ ಇಲ್ಲ. ಹಾಗಾಗಿ ಜನ ಹೆಚ್ಚಾದಷ್ಟು ಬಸ್ ಹೆಚ್ಚಾಗಬೇಕು ಎನ್ನುವ ಒತ್ತಡ ಈ ಲೆಕ್ಕದೊಳಗೆ ತಾನಾಗಿ ಹುಟ್ಟುವುದಿಲ್ಲ.

ಗಂಡುಮಕ್ಕಳ ಪಾಸಿನ ಕಥೆ

ಗಂಡುಮಕ್ಕಳಿಗೆ ಶಕ್ತಿ ಇಲ್ಲ, ರಿಯಾಯಿತಿ ಪಾಸ್ ಇದೆ. ಪಕ್ಕದ ತಮಿಳುನಾಡಿನಲ್ಲಿ ಶಾಲಾ ಮಕ್ಕಳಿಗೆ ಹುಡುಗ, ಹುಡುಗಿ ಎನ್ನದೆ ಉಚಿತ ಪಾಸ್ ಕೊಡುತ್ತಾರೆ. ನಮ್ಮಲ್ಲಿ ಇತ್ತೀಚಿನ ವರ್ಷಗಳ ದರದಂತೆ ಪ್ರಾಥಮಿಕ ಶಾಲೆಯವರಿಗೆ 150 ರೂಪಾಯಿ, ಹೈಸ್ಕೂಲ್ ಹುಡುಗರಿಗೆ 750 ರೂಪಾಯಿ. ಶಾಲಾ ಪಾಸು ಹತ್ತು ತಿಂಗಳು ನಡೆಯುತ್ತದೆ.

750 ರೂಪಾಯಿಯನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 75. ತಿಂಗಳಲ್ಲಿ 24 ದಿನ ಶಾಲೆ ಎಂದುಕೊಂಡರೆ ದಿನಕ್ಕೆ ಮೂರು ರೂಪಾಯಿ ಚಿಲ್ಲರೆ. ಹೋಗಲು 20, ಬರಲು 20 ಕೊಡಬೇಕಾದ ದಾರಿಯಾದರೆ ಪಾಸಿಲ್ಲದವರಿಗೆ ಅದೇ ತಿಂಗಳಿಗೆ 960 ರೂಪಾಯಿ ಆಗುತ್ತದೆ. ಪಾಲಕರಿಗೆ ಇದು ದೊಡ್ಡ ಉಳಿತಾಯ. ಆದರೆ ಈ ರಿಯಾಯಿತಿಯ ಪೂರ್ತಿ ಹೊರೆಯನ್ನು ಸರ್ಕಾರ ಹೊರುವುದಿಲ್ಲ. ಒಂದು ಪಾಲು ನಿಗಮದ ತಲೆಯ ಮೇಲೇ ಬೀಳುತ್ತದೆ. ಸಾಲದಲ್ಲಿರುವ ನಿಗಮಕ್ಕೆ ಪಾಸಿನ ಹುಡುಗನಿಂದ ಕೈಗೆ ಕಾಸು ಬರುವುದಿಲ್ಲ. ಪಾಸಿನ ಮಕ್ಕಳನ್ನು ಕಂಡರೆ ಕೆಲವು ಬಸ್ಸುಗಳು ನಿಲ್ಲುವುದಿಲ್ಲ ಎಂಬ ಹಳೇ ದೂರಿನ ಬೇರು ಇಲ್ಲೂ ಸ್ವಲ್ಪ ಇದೆ.

ನಿಗಮಗಳ ಸ್ಥಿತಿ ಹೇಗಿದೆ ಎನ್ನುವುದಕ್ಕೆ 2025ರ ಜನವರಿಯೇ ಸಾಕ್ಷಿ. ಆ ತಿಂಗಳು ಬಸ್ ದರ ಶೇ. 15ರಷ್ಟು ಏರಿತು. ಅದೇ ಹೊತ್ತಿಗೆ ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಗಸ್ಟ್‌ನಲ್ಲಿ ಸಂಬಳದ ಬಾಕಿಗಾಗಿ ನೌಕರರು ಮುಷ್ಕರಕ್ಕೆ ಇಳಿದರು. ಕೋವಿಡ್ ಕಾಲದಲ್ಲಿ ಹೊಸ ಬಸ್ ಖರೀದಿ, ಡ್ರೈವರ್ ಕಂಡಕ್ಟರ್ ನೇಮಕಾತಿ ಹಿಂದೆ ಬಿದ್ದದ್ದರ ಪೆಟ್ಟೂ ಇದಕ್ಕೆ ಸೇರಿಕೊಂಡಿದೆ. ಬಸ್ಸಿದ್ದರೂ ಓಡಿಸುವವರಿಲ್ಲದಿದ್ದರೆ ಡಿಪೋದವರು ಮೊದಲು ಕತ್ತರಿ ಹಾಕುವುದು ಹಳ್ಳಿಯ ಟ್ರಿಪ್ಪಿಗೆ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ರಾತ್ರಿ ನಿಂತು ಬೆಳಿಗ್ಗೆ ಹೊರಡುವ ವಸ್ತಿ ಬಸ್ ನಿಂತರೆ ಇಡೀ ಊರಿನ ಮಕ್ಕಳ ಮೊದಲ ಪೀರಿಯಡ್ ಹೋಯಿತು ಎಂದೇ ಅರ್ಥ.

ಮೊದಲು ಹೈಸ್ಕೂಲ್ ಮಕ್ಕಳಿಗೆ ಇನ್ನೊಂದು ದಾರಿ ಇತ್ತು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು. ನಾಲ್ಕೈದು ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದ ಮಕ್ಕಳೂ ಈಗ ಬಸ್ ಸ್ಟಾಪಿಗೇ ಬಂದು ನಿಲ್ಲುತ್ತಾರೆ.

ಕರಾವಳಿಯವರ ಪಾಡು ಬೇರೆ

ಗಲ್ಫ್‌ನಲ್ಲಿರುವ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರು ಬಹಳ. ಅವರ ಊರುಗಳಲ್ಲಿ ರಸ್ತೆ ತುಂಬ ಓಡುವುದು ಖಾಸಗಿ ಬಸ್ಸುಗಳೇ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಮಕ್ಕಳಿಗೆ ರಿಯಾಯಿತಿ ಕೊಡುವ ಪದ್ಧತಿ ಅಲ್ಲೂ ಇದೆ, ಆದರೆ ಉಚಿತ ಅಲ್ಲ. ಹಾಸನದ ಹುಡುಗಿಗೆ ಸೊನ್ನೆ ರೂಪಾಯಿಯಾಗುವ ಅಷ್ಟೇ ದೂರಕ್ಕೆ ಉಡುಪಿಯ ಒಳದಾರಿಯ ಹುಡುಗಿ ದುಡ್ಡು ಕೊಡಬೇಕು. ಒಂದೇ ಸರ್ಕಾರ, ಒಂದೇ ಯೋಜನೆ, ಆದರೆ ಮನೆ ಮುಂದೆ ಯಾವ ಬಸ್ ಬರುತ್ತದೆ ಎನ್ನುವುದರ ಮೇಲೆ ಲಾಭ ನಿರ್ಧಾರವಾಗುತ್ತದೆ. ಸರ್ಕಾರಿ ಬಸ್ ಹೆಚ್ಚು ಬಿಡಿ ಎಂಬ ಬೇಡಿಕೆ ಕರಾವಳಿಯಲ್ಲಿ ಶಕ್ತಿ ಬಂದಮೇಲೆ ಜೋರಾಗಿದ್ದಕ್ಕೆ ಕಾರಣ ಇದೇ.

ಬಸ್ ಸಿಗದ ಕಡೆ ವ್ಯಾನ್, ಓಮ್ನಿ, ರಿಕ್ಷಾ ಬರುತ್ತವೆ. ಅದರ ಬಾಡಿಗೆ ಹೆಚ್ಚಾಗಿ ದಿರ್ಹಂ, ರಿಯಾಲ್‌ನಲ್ಲೇ ಸಂದಾಯವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಕರೆದೊಯ್ಯುವುದು ಕಾನೂನುಬಾಹಿರ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಹಳದಿ ಬೋರ್ಡ್ ಇದೆಯಾ, ಎಷ್ಟು ಮಕ್ಕಳನ್ನು ತುಂಬುತ್ತಾರೆ ಎಂದು ದೂರದಲ್ಲಿದ್ದರೂ ವಿಡಿಯೋ ಕಾಲ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಶಾಲೆ ದೂರವಾದಷ್ಟು ಬಸ್ ಬೇಕು

ಬೇಡಿಕೆ ಮುಂದೆ ಇನ್ನೂ ಏರುತ್ತದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2018-19ರಲ್ಲಿ 176ರೊಂದಿಗೆ ಶುರುವಾದವು. ಈಗ ಸರ್ಕಾರ ಇವನ್ನು ನೂರಾರು ಸಂಖ್ಯೆಯಲ್ಲಿ ಹೆಚ್ಚಿಸಲು ಹೊರಟಿದೆ. ಮಕ್ಕಳು ಕಡಿಮೆ ಇರುವ ಸಣ್ಣ ಶಾಲೆಗಳನ್ನು ಇವುಗಳ ಜೊತೆ ಸೇರಿಸುವ ಮಾತು ಬಂದಾಗ ವಿರೋಧವೂ ಬಂತು. ಊರಿನ ಶಾಲೆಗೆ ನಡೆದು ಹೋಗುವ ಆರು ವರ್ಷದ ಮಗು ನಾಳೆ ನಾಲ್ಕು ಕಿಲೋಮೀಟರ್ ಹೋಗಬೇಕಾದರೆ ಲೈನ್ ಬಸ್ಸಿನಲ್ಲಿ ದೊಡ್ಡವರ ಕಾಲಡಿ ನಿಂತು ಹೋಗಲು ಆಗುತ್ತಾ? ದೊಡ್ಡ ಶಾಲೆ, ಒಳ್ಳೇ ಲ್ಯಾಬ್, ಸಾಕಷ್ಟು ಟೀಚರ್‌ಗಳು ಎಲ್ಲ ಬೇಕು. ಆದರೆ ಬಸ್ ಮೊದಲು ಬಂದು ಆಮೇಲೆ ಶಾಲೆ ಸೇರಿಸುವುದಕ್ಕೂ, ಶಾಲೆ ಸೇರಿಸಿ ಆಮೇಲೆ ಬಸ್ ನೋಡೋಣ ಎನ್ನುವುದಕ್ಕೂ ಅಜಗಜಾಂತರ.

ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳು ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುತ್ತವೆ. ಇಲ್ಲದ ಕಡೆ ಪ್ರಯಾಣದ ವ್ಯವಸ್ಥೆ ಸರ್ಕಾರದ್ದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕೆ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶ ಇದೆ. ಹತ್ತು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 600. ಒಂದು ಮನೆಗೆ ಇದು ಸಣ್ಣ ಮೊತ್ತ, ಆದರೆ ಒಂದೇ ದಾರಿಯ ಮೂವತ್ತು ಮಕ್ಕಳದ್ದು ಸೇರಿದರೆ ತಿಂಗಳಿಗೆ 18,000 ಆಗುತ್ತದೆ. ಹಾಗೆ ಒಟ್ಟುಗೂಡಿಸಿ ಒಂದು ಗಾಡಿ ಗೊತ್ತು ಮಾಡುವ ಕಡೆಗೆ ಯೋಚನೆ ಹೋಗಬೇಕು.

ಗಲ್ಫ್‌ನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುಎಇಯ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ 1981ರಲ್ಲಿ ಶುರುವಾದ ಎಮಿರೇಟ್ಸ್ ಟ್ರಾನ್ಸ್‌ಪೋರ್ಟ್ ಇದೆ. ಸೌದಿಯಲ್ಲಿ ಸರ್ಕಾರಿ ಶಾಲೆಗಳ ಬಸ್ ವ್ಯವಸ್ಥೆಗೆಂದೇ ತತ್ವೀರ್ ಎಂಬ ಪ್ರತ್ಯೇಕ ಕಂಪನಿ ಇದೆ. ಭಾರತೀಯ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಇದು ಸಿಗುವುದಿಲ್ಲ, ಬಸ್ ಫೀಸ್ ಕೈಯಿಂದಲೇ ಕಟ್ಟಬೇಕು. ಆದರೂ ಇಲ್ಲಿನ ಶಾಲಾ ಬಸ್ ನೋಡಿದವರಿಗೆ ಒಂದು ವಿಷಯ ಗೊತ್ತು: ಮೊದಲು ಮಕ್ಕಳ ತಲೆ ಎಣಿಸುತ್ತಾರೆ, ಆಮೇಲೆ ಬಸ್ ಹಾಕುತ್ತಾರೆ. ಒಂದು ಮಗುವಿಗೆ ಒಂದು ಸೀಟು. ಕರ್ನಾಟಕದ ಹಳ್ಳಿ ಹಳ್ಳಿಗೂ ನಾಳೆಯೇ ಅಂಥ ಬಸ್ ಬರುತ್ತದೆ ಎಂದಲ್ಲ. ಪಾಸಿನ ಅರ್ಜಿಯಲ್ಲೇ ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ಎನ್ನುವ ಮಾಹಿತಿ ಇರುತ್ತದೆ. ಅದನ್ನು ನೋಡಿ ಬೆಳಗಿನ ಟ್ರಿಪ್ಪು ಜೋಡಿಸಲು, ಅಕ್ಕಪಕ್ಕದ ಶಾಲೆ, ಕಾಲೇಜುಗಳ ಸಮಯ ಅರ್ಧ ಗಂಟೆ ಹಿಂದೆಮುಂದೆ ಮಾಡಿ ಒಂದೇ ಬಸ್ಸನ್ನು ಎರಡು ಸಲ ಓಡಿಸಲು ದೊಡ್ಡ ಬಜೆಟ್ ಬೇಕಾಗಿಲ್ಲ.

ಮನೆಯವರು ಈಗ ಮಾಡಬಹುದಾದ್ದು

ಊರಿಗೆ ಮರಳುವ ಕುಟುಂಬಗಳು ಕಾಗದಪತ್ರ ಮೊದಲು ನೋಡಿಕೊಳ್ಳಬೇಕು. ಶಕ್ತಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಗಲ್ಫ್‌ನಲ್ಲೇ ಬೆಳೆದ ಹುಡುಗಿಗೆ ಆಧಾರ್ ಇಲ್ಲದಿದ್ದರೆ ಊರಿಗೆ ಬಂದ ಕೂಡಲೇ ಭಾರತೀಯ ಪಾಸ್‌ಪೋರ್ಟ್ ತೋರಿಸಿ ಅರ್ಜಿ ಹಾಕಬಹುದು, ಆರು ತಿಂಗಳು ಕಾಯುವ ಹಳೇ ನಿಯಮ ಈಗಿಲ್ಲ. ಹುಡುಗರ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ. ಶಾಲೆಯ ಸ್ಯಾಟ್ಸ್ ನಂಬರ್ ಬೇಕಾಗುವುದರಿಂದ ದಾಖಲಾತಿ ಮೊದಲು ಮುಗಿಯಬೇಕು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಕೆಲಸ ಆಗುತ್ತದೆ.

ಎರಡನೆಯದು, ಬಸ್ ಕೇಳುವ ರೀತಿ. "ನಮ್ಮೂರಿಗೆ ಬಸ್ ಬಿಡಿ" ಎಂಬ ಮನವಿ ಡಿಪೋದ ಕಪಾಟಿನಲ್ಲಿ ಮಲಗುತ್ತದೆ. ಯಾವ ಸ್ಟಾಪಿನಲ್ಲಿ ಎಷ್ಟು ಮಕ್ಕಳು, ಯಾವ ಶಾಲೆ, ಎಷ್ಟು ಗಂಟೆಗೆ ಬೆಲ್, ಸಂಜೆ ಎಷ್ಟಕ್ಕೆ ಬಿಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು, ಶಾಲೆಯ ಎಸ್‌ಡಿಎಂಸಿ ಸಹಿ ಮತ್ತು ಗ್ರಾಮ ಪಂಚಾಯಿತಿ ಠರಾವಿನ ಜೊತೆ ಡಿಪೋ ಮ್ಯಾನೇಜರ್‌ಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಟ್ಟರೆ ತಳ್ಳಿಹಾಕುವುದು ಕಷ್ಟ. ಹೊಸ ಬಸ್ ಆಗದಿದ್ದರೆ ಇರುವ ಬಸ್ಸಿನ ಸಮಯವನ್ನಾದರೂ ಇಪ್ಪತ್ತು ನಿಮಿಷ ಬದಲಿಸಿ ಎಂದು ಕೇಳಬಹುದು.

ಊರ ಸಂಘ, ಜಮಾತ್, ಯುವಕ ಮಂಡಲಗಳ ವಾಟ್ಸಾಪ್ ಗ್ರೂಪುಗಳಲ್ಲಿ ಗಲ್ಫ್‌ನಲ್ಲಿರುವವರೂ ಇದ್ದಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಮಸೀದಿಗೆ, ಶಾಲೆಯ ಕಾಂಪೌಂಡಿಗೆ ಇಲ್ಲಿಂದ ದುಡ್ಡು ಹೋಗುತ್ತದೆ. ಈ ಹಾಳೆಗೆ ದುಡ್ಡು ಬೇಡ, ಒಂದು ಭಾನುವಾರ ಕೂತು ಮಕ್ಕಳನ್ನು ಎಣಿಸುವವರು ಬೇಕು. ಜೂನ್ ಬರುವ ಮೊದಲೇ ಅದು ಡಿಪೋ ಸೇರಿದರೆ ಟೈಮ್ ಟೇಬಲ್ ಬದಲಿಸಲು ಅವರಿಗೂ ಸಮಯ ಸಿಗುತ್ತದೆ.