ಇಡುವ ಕೆಲಸ, ಕಟ್ಟುವ ಕೆಲಸ

ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಭಂಡಾರದಲ್ಲಿ ಪ್ಯಾಕೇಜುಗಳಾಗಿ ದೊರೆಯುತ್ತವೆ. ಒಂದು ಆಜ್ಞೆಯಿತ್ತರೆ ಅವು ಗಣಕಕ್ಕೆ ಬಂದು ನೆಲಸುತ್ತವೆ. ಬೇಡವೆಂದರೆ ಅಷ್ಟೇ ಸುಲಭವಾಗಿ ಹೊರಡುತ್ತವೆ. ಈ ಸೌಕರ್ಯದ ಹಿಂದೆ ಎರಡು ಕೆಲಸಗಳಿವೆ: ಕಡತಗಳನ್ನು ಅವುಗಳ ಸ್ಥಾನದಲ್ಲಿ ಇಡುವುದು, ಮತ್ತು ಅವನ್ನು ಪೊಟ್ಟಣವಾಗಿ ಕಟ್ಟುವುದು. ಎರಡನ್ನೂ ಕಲಸಿಬಿಡುವ ತಂತ್ರಾಂಶಕರ್ತರು ಇಂದಿಗೂ ಕಡಮೆಯಿಲ್ಲ.

ಇಡುವ ಕೆಲಸಕ್ಕೆ ಹಳೆಯ ಸಾಧನ ‘ಮೇಕ್’. 1976ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ರಚಿಸಿದರು. ‘ಮೇಕ್ ಇನ್‌ಸ್ಟಾಲ್’ ಎಂದೊಡನೆ ಸಿದ್ಧಗೊಂಡ ಕಡತಗಳು ವ್ಯವಸ್ಥೆಯ ಕೋಶಗಳಿಗೆ ನಕಲಾಗುತ್ತವೆ. ಎಲ್ಲಿ ಏನನ್ನು ಇಟ್ಟಿತೆಂಬ ಲೆಕ್ಕವನ್ನು ಮಾತ್ರ ಅದು ತಾನಾಗಿ ಬರೆದಿಡುವುದಿಲ್ಲ. ಪೊಟ್ಟಣಕ್ಕಾದರೋ ಆ ಲೆಕ್ಕವೇ ಜೀವಾಳ. ಡೆಬಿಯನ್ನಿನ ‘ಡೆಬ್’ ಪೊಟ್ಟಣದಲ್ಲಿ ಕಡತಗಳ ಗಂಟಿನ ಜೊತೆಗೆ ಹೆಸರು, ಆವೃತ್ತಿ, ಅವಲಂಬನೆಗಳ ವಿವರವುಳ್ಳ ಪ್ರತ್ಯೇಕ ಭಾಗವೇ ಇರುತ್ತದೆ.

ಇವೆರಡು ಬೆರೆತಾಗಿನ ಹಾನಿ ಕೂಡಲೇ ಕಣ್ಣಿಗೆ ಬೀಳದು. ಪೊಟ್ಟಣ ಕಟ್ಟುವ ಮೊದಲು ಎಲ್ಲವನ್ನೂ ಸ್ವಂತ ಗಣಕದಲ್ಲೇ ಸ್ಥಾಪಿಸಬೇಕೆಂದಾದರೆ, ಕಟ್ಟುವವರಿಗೆ ಆಡಳಿತಾಧಿಕಾರ ಬೇಕು. ನಿತ್ಯ ಬಳಸುವ ಕಡತಗಳು ಹೊಸವುಗಳ ಕೆಳಗೆ ಅಳಿದುಹೋಗಲೂಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಳೆಯ ಆವೃತ್ತಿಯ ಕಡತವೊಂದು ಅಲ್ಲೇ ಉಳಿದಿದ್ದರೆ, ಪೊಟ್ಟಣದಿಂದ ಅದು ಬಿಟ್ಟುಹೋದದ್ದು ಅವರಿಗೆ ತಿಳಿಯುವುದೇ ಇಲ್ಲ. ಕಟ್ಟಿದವರಲ್ಲಿ ತಂತ್ರಾಂಶ ಸೊಗಸಾಗಿ ನಡೆಯುತ್ತದೆ, ಪಡೆದವರಲ್ಲಿ ಮುಗ್ಗರಿಸುತ್ತದೆ.

ಪರಿಹಾರ ಬಹು ಹಿಂದೆಯೇ ದೊರೆತಿದೆ. ‘ಡೆಸ್ಟ್‌ಡಿರ್’ ಎಂಬ ಚರಕ್ಕೆ ಖಾಲಿ ಕೋಶವೊಂದರ ವಿಳಾಸವನ್ನು ಕೊಟ್ಟರೆ, ಅದನ್ನು ಮನ್ನಿಸುವಂತೆ ಬರೆದ ಸ್ಥಾಪನೆಯ ಹಂತ ಕಡತಗಳನ್ನೆಲ್ಲ ಅಲ್ಲಿಯೇ ಜೋಡಿಸುತ್ತದೆ. ಪೊಟ್ಟಣ ಕಟ್ಟುವ ಹಂತ ಆ ಕೋಶವನ್ನಷ್ಟೇ ಕೈಗೆತ್ತಿಕೊಂಡರೆ ಸಾಕು, ಬಿಟ್ಟುಹೋದದ್ದೇನೆಂಬುದು ಅಲ್ಲೇ ಗೋಚರಿಸುತ್ತದೆ. ಕೆಲವರು ಇದರ ಬದಲು ‘ಪ್ರಿಫಿಕ್ಸ್’ ಅನ್ನು ತಾತ್ಕಾಲಿಕ ಕೋಶಕ್ಕೆ ತಿರುಗಿಸುತ್ತಾರೆ. ಆಗ ಆ ಕೋಶದ ಹೆಸರೇ ತಂತ್ರಾಂಶದೊಳಗೆ ಹುದುಗಿ, ಪಡೆದವರ ಗಣಕದಲ್ಲಿ ಇಲ್ಲದ ವಿಳಾಸವನ್ನು ಹುಡುಕತೊಡಗುತ್ತದೆ. ‘ಸೀಮೇಕ್’ ರಚಿಸಿದವರು ಈ ಭೇದವನ್ನು ಹೆಸರಿನಲ್ಲೇ ಉಳಿಸಿದ್ದಾರೆ. ಕಟ್ಟುವ ಕೆಲಸಕ್ಕೆ ಅಲ್ಲಿ ‘ಸೀಪ್ಯಾಕ್’ ಎಂಬ ಬೇರೆ ಸಾಧನವಿದೆ.

ಅಕ್ಷರಶೈಲಿಗಳ ಸೂಚಿಯನ್ನು ಹೊಸದಾಗಿಸುವಂಥ ಕೆಲಸ ಈ ಎರಡು ಹಂತಗಳಿಗೂ ಸೇರದು. ಅದನ್ನು ಕಟ್ಟುವವರ ಗಣಕದಲ್ಲಿ ನಡೆಸಿದರೆ ಪ್ರಯೋಜನ ಅವರೊಬ್ಬರಿಗೇ. ಡೆಬಿಯನ್ನಿನಲ್ಲಿ ಅದು ಪೊಟ್ಟಣ ಬಿಚ್ಚಿಕೊಂಡ ಬಳಿಕ, ಬಳಕೆದಾರರ ಗಣಕದಲ್ಲಿಯೇ ನಡೆಯುತ್ತದೆ.